ಕುಡಿದದ್ದು ಊರಿಗೆಲ್ಲ ಗೊತ್ತು, ಬಿಟ್ಟದ್ದು ಮಾತ್ರ ಗುಟ್ಟು

ಕೊನೆ ಕೊಯ್ಲಿಗೆಂದು ಮುಂಬೈಯಿಂದ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಬಂದಿದ್ದಾಗ, ಅಡಿಕೆ ಸುಲಿಯುವ ಚಪ್ಪರದಲ್ಲಿ ಕುಳಿತು ಒಂದು ಮಾತು ಕೇಳಿದೆ: ಈ ಕಡೆ ಎಲ್ಲಾದರೂ ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುತ್ತಾರೆಯೇ? ಮೆಟ್ಟುಗತ್ತಿಗಳ ಸದ್ದು ನಿಂತುಹೋಯಿತು. ದೊಡ್ಡಪ್ಪ ನನ್ನನ್ನು ಅಂಗಳದಾಚೆ ಕರೆದೊಯ್ದು, "ನಾಲ್ಕು ಜನರ ಎದುರು ಕೇಳುವ ಮಾತೇ ಇದು? ಮನೆಯಲ್ಲಿ ಮದುವೆಗೆ ಬೆಳೆದ ಹುಡುಗಿ ಇದ್ದಾಳೆ" ಎಂದರು.

ಸ್ವಲ್ಪ ಹೊತ್ತಿನ ಮುಂಚೆ ಅದೇ ಚಪ್ಪರದಲ್ಲಿ ಯಾರು ಮಂಡಿಯಿಂದ ಬಂದ ದುಡ್ಡನ್ನು ಎಲ್ಲಿ ಕಳೆದರು, ಯಾರನ್ನು ರಾತ್ರಿ ಮೋರಿಯ ಕಟ್ಟೆಯಿಂದ ಎತ್ತಿಕೊಂಡು ಬಂದರು ಎಂಬುದೆಲ್ಲ ಹೆಸರು ಸಮೇತ ನಡೆದಿತ್ತು. ನಾನು ಕುಡಿಯುತ್ತಿದ್ದ ಕಾಲದಲ್ಲಿ ನನ್ನ ಸುದ್ದಿಯೂ ಹಾಗೆಯೇ ಊರು ಸುತ್ತಿದೆ. ಆಗ ಯಾರೂ ದನಿ ತಗ್ಗಿಸಲಿಲ್ಲ. ಬಿಡುವ ಮಾತಿಗೆ ಮಾತ್ರ ನಮ್ಮ ಮಲೆನಾಡಿಗೆ ಮಾನದ ಚಿಂತೆ ಬರುತ್ತದೆ. ಇದು ನನಗೆ ಸಹಿಸಲು ಆಗುವುದಿಲ್ಲ.

ಮುಂಬೈಯಲ್ಲಿ ನನಗೆ ದಾರಿ ತೋರಿಸಿದವರು ಕಚೇರಿಯ ಕ್ಯಾಂಟೀನಿನಲ್ಲಿ ಎದುರು ಕುಳಿತಿದ್ದ ಹಿರಿಯರೊಬ್ಬರು. ನನ್ನ ಕೈ ನಡುಗುವುದನ್ನು ನೋಡಿ, ಏನನ್ನೂ ಕೇಳದೆ ಒಂದು ಚೀಟಿಯಲ್ಲಿ ಶಾಲೆಯ ವಿಳಾಸ ಬರೆದುಕೊಟ್ಟರು. ಅಲ್ಲಿ ನಡೆಯುತ್ತಿದ್ದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವ ಅನಾಮಧೇಯರ ಸಂಘದ ಸಭೆ. ಮಕ್ಕಳ ಬೆಂಚುಗಳ ಮೇಲೆ ರಿಕ್ಷಾ ಓಡಿಸುವವರು, ಬ್ಯಾಂಕಿನವರು, ನಿವೃತ್ತ ಪೊಲೀಸರೊಬ್ಬರು ಒಟ್ಟಿಗೆ ಕುಳಿತಿದ್ದರು. ಹೆಸರಿನ ಮುಂದೆ ಮನೆತನವಿಲ್ಲ, ಊರಿಲ್ಲ. ಶುಲ್ಕವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು, ಬೇರೆ ಅರ್ಹತೆ ಬೇಡ. ಒಬ್ಬರು ಮಾತನಾಡುವಾಗ ಉಳಿದವರು ಬುದ್ಧಿ ಹೇಳುವುದಿಲ್ಲ, ನಡುವೆ ಬಾಯಿ ಹಾಕುವುದಿಲ್ಲ. ಬುದ್ಧಿಮಾತು ಕೇಳಿ ಕೇಳಿಯೇ ಬೆಳೆದ ನನಗೆ ಆ ಮೌನ ಎಷ್ಟು ದೊಡ್ಡ ಉಪಕಾರವೆನಿಸಿತೆಂದು ಹೇಳಲಾರೆ. ಒಮ್ಮೆ ಅಮ್ಮನ ವಿಷಯ ಬಂದಾಗ ಹಿಂದಿ ಕೈಕೊಟ್ಟಿತು; ಕನ್ನಡದಲ್ಲೇ ಹೇಳಿಕೊಂಡೆ. ಅಲ್ಲಿದ್ದ ಯಾರಿಗೂ ಕನ್ನಡ ಬಾರದು. ಆದರೂ ಮುಗಿಯುವವರೆಗೆ ಕೇಳಿದರು, ಮುಗಿದ ಮೇಲೆ ಚಹಾ ಕೊಟ್ಟರು.

ಈ ಸಂಘ ಹುಟ್ಟಿದ್ದೇ ಪರವೂರಿನಲ್ಲಿ ಒಂಟಿಯಾಗಿದ್ದ ಒಬ್ಬನಿಂದ. 1935ರಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಕೆಲಸದ ಮೇಲೆ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣಕ್ಕೆ ಹೋಗಿದ್ದ. ಕೆಲಸ ಕೆಟ್ಟಿತು, ಹೋಟೆಲಿನ ಬಾರು ಕರೆಯುತ್ತಿತ್ತು. ಬಾರಿಗೆ ಹೋಗುವ ಬದಲು ದೂರವಾಣಿ ಹಿಡಿದು ಚರ್ಚಿನವರಿಗೆ ಕರೆ ಮಾಡಿ, ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡಬೇಕೆಂದ. ಹಾಗೆ ಸಿಕ್ಕಿದವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ನಮ್ಮ ಊರಿನಲ್ಲಿ ಅಂಥ ಕರೆ ಬಂದರೆ ಎತ್ತಿಕೊಂಡವರು ಮೊದಲು ಕೇಳುವುದು "ನೀನು ಯಾರ ಮಗ?" ಎಂದು.

ಗುಟ್ಟಿನಿಂದ ಜೀವಕ್ಕೇ ಅಪಾಯ. ವರ್ಷಗಟ್ಟಲೆ ವಿಪರೀತ ಕುಡಿದವನನ್ನು ಮನೆಯವರು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋದರೆ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಚಿತ್ತಭ್ರಮೆಯಾಗಬಹುದು, ಸಾವೂ ಬರಬಹುದು. ಅದಕ್ಕೆ ವೈದ್ಯರೇ ಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋದರೆ ನೆಂಟರು ನೋಡುತ್ತಾರೆಂಬ ಹೆದರಿಕೆಯಿದ್ದವರು ಕೊನೆಗೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕಾದರೂ ಕರೆ ಮಾಡಲಿ, ಕನ್ನಡದಲ್ಲೇ ಮಾತನಾಡಬಹುದು.

ಇಷ್ಟು ಬರೆದ ಮೇಲೆ ಚಿಕ್ಕಪ್ಪನ ಮಗನ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವನು ಕುಡಿತ ಬಿಟ್ಟದ್ದು ಊರ ಕಣ್ಣೆದುರೇ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರದಲ್ಲಿ. ಎಂಟು ದಿನ ಅಲ್ಲೇ ವಾಸ. ಗುಟ್ಟೆಂಬುದೇ ಅಲ್ಲಿಲ್ಲ. ನಾನಾಗಿದ್ದರೆ ಮೊದಲ ರಾತ್ರಿಯೇ ಓಡಿಹೋಗುತ್ತಿದ್ದೆ. ಅವನು ಉಳಿದ. ಈಗ ಶಿಬಿರ ಮುಗಿಸಿದವರ ನವಜೀವನ ಸಮಿತಿಯ ಸಭೆಗೆ ತಪ್ಪದೆ ಹೋಗುತ್ತಾನೆ. ಆರಿದ್ರ ಮಳೆಯಲ್ಲಿ ಒಂದು ದಿನ ಮನಸ್ಸು ಹದಗೆಟ್ಟು ಅವನು ಮನೆಯಲ್ಲೇ ಉಳಿದಾಗ, ಜೊತೆಗೆ ಶಿಬಿರದಲ್ಲಿದ್ದವನು ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆ ದಾಟಿ ಬಂದು ಕರೆದುಕೊಂಡು ಹೋದನಂತೆ. ಮುಂಬೈಯಲ್ಲಿ ನಾನು ಸಭೆ ತಪ್ಪಿಸಿದರೆ ಫೋನು ಬರುತ್ತದೆ, ಖಂಡಿತ ಬರುತ್ತದೆ. ಬಾಗಿಲಿಗೆ ಯಾರೂ ಬಂದಿಲ್ಲ. ನನ್ನ ಬಾಗಿಲು ಎಲ್ಲಿದೆಯೆಂದೇ ಅವರಿಗೆ ಗೊತ್ತಿಲ್ಲ. ಗೊತ್ತಾಗದಿರಲಿ ಎಂದುಕೊಂಡವನೂ ನಾನೇ.

ಆದರೂ ಎಲ್ಲರಿಗೂ ಅವನ ಎದೆಗಾರಿಕೆ ಇರುವುದಿಲ್ಲ. ಹೆಂಗಸರಂತೂ ಆ ಶಿಬಿರದಲ್ಲಿ ಊರ ಕಣ್ಣೆದುರು ಹೇಗೆ ಕುಳಿತಾರು? ನಮ್ಮ ಕಡೆ ಒಂದು ಕನ್ನಡದ ಕೋಣೆ ಬೇಕು, ಮನೆತನ ಕೇಳದ ಕೋಣೆ. ಅದು ಶಿವಮೊಗ್ಗದ ಬಸ್ ನಿಲ್ದಾಣದ ಹತ್ತಿರ ಇರಲಿ, ಸಂತೆಗೆ ಬಂದಂತೆ ಬಂದು ಹೋಗಬಹುದು ಎಂದು ನನ್ನ ವಾದ. ನಮ್ಮೂರ ಶಾಲೆಯಲ್ಲೇ ಆಗಲಿ, ಕೊನೆಯ ಬಸ್ ತಪ್ಪಿದರೆ ಸಭೆಯೂ ತಪ್ಪುತ್ತದೆ ಎಂದು ಅವನ ವಾದ. ಬಸ್ಸಿನ ವಿಷಯದಲ್ಲಿ ಅವನು ಹೇಳುವುದು ಸರಿ. ಜಾಗದ ವಿಷಯದಲ್ಲಿ ನಾನು ಇನ್ನೂ ಒಪ್ಪಿಲ್ಲ.