ಹಳದಿ ಗೆರೆಯ ಮೇಲೆ ಬೈಕು ನಿಲ್ಲಿಸಬೇಡಿ ಮಾರಾಯ್ರೆ

ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಅಮ್ಮನ ಮೊಣಕಾಲಿಗೆ ಐಸ್ ಇಟ್ಟು, ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಅಮ್ಮನ ಕಣ್ಣಿನ ವಿಷಯ ನಿಮಗೆಲ್ಲ ಗೊತ್ತುಂಟು. ಗ್ಲಾಕೋಮಾ ಬಂದ ಮೇಲೆ ಎದುರಿನದ್ದು ಸ್ವಲ್ಪ ಕಾಣುತ್ತದೆ, ಬದಿಯದ್ದು, ಕೆಳಗಿನದ್ದು ಇಲ್ಲ. ಆದರೂ ಸಂಜೆ ನಡೆಯುವುದು ಬಿಟ್ಟಿಲ್ಲ. ನಮ್ಮ ಮಂಗಳೂರಿನ ಲಾಲ್‌ಬಾಗ್ ಕಡೆ ಫುಟ್‌ಪಾತಿನಲ್ಲಿ, ಕಣ್ಣು ಕಾಣದವರಿಗಾಗಿ ಹಾಕುವ ಉಬ್ಬಿದ ಹಳದಿ ಟೈಲ್ಸ್ ಸಿಕ್ಕಿದ ಮೇಲೆ ಅವಳಿಗೆ ಧೈರ್ಯ ಜಾಸ್ತಿಯಾಗಿತ್ತು. ಉದ್ದ ಪಟ್ಟಿ ಸಿಕ್ಕಿದರೆ ನೇರ ಹೋಗಬಹುದು. ಗುಂಡು ಚುಕ್ಕೆ ಸಿಕ್ಕಿದರೆ ನಿಲ್ಲಬೇಕು, ಮುಂದೆ ರಸ್ತೆಯೋ ತಿರುವೋ ಉಂಟು. ಚಂದಕ್ಕೆ ಹಾಕಿದ ಟೈಲ್ಸ್ ಅಲ್ಲ ಅದು. 1967ರಲ್ಲಿ ಜಪಾನಿನ ಒಕಯಾಮಾದಲ್ಲಿ, ಅಂಧ ಮಕ್ಕಳ ಶಾಲೆಯ ಹತ್ತಿರ ಮೊದಲ ಸಲ ಹಾಕಿದ್ದು. ಅಮ್ಮ ಅದನ್ನು ಚಪ್ಪಲಿಯ ಅಡಿಯಿಂದಲೇ ಓದುತ್ತಾಳೆ.

ಇವತ್ತು ಆ ಗೆರೆಗೆ ಅಡ್ಡವಾಗಿ ಒಂದು ಬಾಡಿಗೆ ಇ-ಬೈಕು. ಅಮ್ಮನ ಕೋಲು ಬೈಕಿನ ಅಡಿಗೆ, ಎರಡು ಚಕ್ರದ ನಡುವೆ ನುಗ್ಗಿತು. ಕೋಲಿಗೆ ಏನೂ ತಾಗಲಿಲ್ಲ. ದಾರಿ ಖಾಲಿ ಉಂಟು ಅಂದುಕೊಂಡು ಅವಳು ಮುಂದೆ ಹೆಜ್ಜೆ ಇಟ್ಟಳು. ಮೊಣಕಾಲು ಹೋಗಿ ಕಬ್ಬಿಣಕ್ಕೆ ಬಡಿಯಿತು.

ಬೈಕನ್ನು ಬದಿಗೆ ಸರಿಸಲು ಹೋದೆ. ಚಕ್ರ ಲಾಕ್ ಆಗಿತ್ತು. ಎಳೆದ ಕೂಡಲೇ ಕೀ ಕೀ ಎಂದು ಅಲಾರಾಂ. ಕೊನೆಗೆ ಹಣ್ಣಿನ ಗಾಡಿಯ ಅಣ್ಣ ಬಂದು ಹಿಂದಿನ ಚಕ್ರ ಎತ್ತಿಕೊಟ್ಟರು. ರೈಡ್ ಮುಗಿಸಿ ಹೋದವರಿಗೆ ಇದೆಲ್ಲ ಗೊತ್ತೇ ಆಗುವುದಿಲ್ಲ ಅಲ್ವಾ? ಅವರ ಬಾಡಿಗೆ ಅಲ್ಲಿಗೆ ಮುಗಿಯಿತು. ಬೈಕು ಮಾತ್ರ ಅಲ್ಲೇ ಇರುತ್ತದೆ.

ಇ-ಬೈಕು ಬೇಡ ಎಂದು ಹೇಳುತ್ತಿಲ್ಲ. ಬಿಜೈಯಿಂದ ಹಂಪನಕಟ್ಟೆಗೆ ನಾನೂ ಅದರಲ್ಲೇ ಹೋಗುತ್ತೇನೆ. ನಮ್ಮ ಊರಿನ ಏರಿಗೆ, ಸೆಕೆಗೆ ಅದು ದೊಡ್ಡ ಉಪಕಾರ. ಆದರೆ ಸ್ವಲ್ಪ ಲೆಕ್ಕ ಹಾಕಿ. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಜಾಗ ಇರಬೇಕು ಎಂದು ರಸ್ತೆಗಳ ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಎಷ್ಟು ಕಡೆ ಅಷ್ಟು ಉಂಟು? ಅದರಲ್ಲಿ ಒಂದು ಬೈಕು ಅಡ್ಡ ನಿಂತರೆ ಇರುವ ದಾರಿಯೆಲ್ಲ ಮುಗಿಯಿತು. ಮತ್ತೆ ಅಮ್ಮ ರಸ್ತೆಗೆ ಇಳಿಯಬೇಕು. ನಮ್ಮ ಸಿಟಿ ಬಸ್ಸುಗಳ ಸ್ಪೀಡು ನಿಮಗೆ ಗೊತ್ತುಂಟು.

"ಕಾರಿನವರೂ ಫುಟ್‌ಪಾತಿಗೆ ಹತ್ತಿಸುತ್ತಾರೆ, ಅವರಿಗೆ ಮೊದಲು ಹೇಳಿ" ಎಂದು ಕೆಲವರು ಬರೆಯುತ್ತೀರಿ. ಹೌದು, ಹತ್ತಿಸುತ್ತಾರೆ, ಅದೂ ತಪ್ಪೇ. ಹಾಗಂತ ಅಮ್ಮನ ಮೊಣಕಾಲಿನ ಬಾವು ಇಳಿಯುತ್ತದಾ? "ಆ್ಯಪ್ ಅಲ್ಲೇ ಪಾರ್ಕಿಂಗ್ ತೋರಿಸಿತು" ಎನ್ನುವವರೂ ಇದ್ದಾರೆ. ಫೋನಿನ ಜಿಪಿಎಸ್ ಐದಾರು ಮೀಟರ್ ಆಚೆ ಈಚೆ ಆಗುವುದು ಮಾಮೂಲು. ಮ್ಯಾಪಿನ ಅದೇ ಬಣ್ಣದ ಗುರುತಿನ ಒಳಗೆ ರಸ್ತೆ ಬದಿಯೂ ಬರುತ್ತದೆ, ಹಳದಿ ಗೆರೆಯೂ ಬರುತ್ತದೆ. ಎಲ್ಲಿ ಸ್ಟ್ಯಾಂಡ್ ಹಾಕಬೇಕು ಎಂದು ನೋಡಬೇಕಾದದ್ದು ನಮ್ಮ ಕಣ್ಣು. ಕಣ್ಣು ಇರುವವರಾದರೂ ನೋಡಬೇಡವಾ?

ಒಂದು ವಿಷಯ ಹೇಳಿಬಿಡುತ್ತೇನೆ. ಹೋದ ವರ್ಷ ಜ್ಯೋತಿ ಸರ್ಕಲ್ ಹತ್ತಿರ ಬಸ್ಸು ಹೊರಟಿತ್ತು. ನಾನು ಬೈಕನ್ನು ಅಂಗಡಿ ಎದುರು ಹೇಗೋ ನಿಲ್ಲಿಸಿ, ಆ್ಯಪಿಗೆ ಬೇಕಾದ ಫೋಟೋ ತೆಗೆದು ಓಡಿದ್ದೆ. ಅಲ್ಲಿ ಗೆರೆ ಇತ್ತೋ ಇಲ್ಲವೋ ನೋಡಿಯೇ ಇಲ್ಲ. ಇವತ್ತು ಅಮ್ಮ ಬೈಕಿನ ಸೀಟು ಹಿಡಿದು ಬಗ್ಗಿ ನಿಂತದ್ದು ಕಂಡಾಗ ಮೊದಲು ನೆನಪಾದದ್ದು ಅದು. ಹೊಟ್ಟೆಯೊಳಗೆ ಸಂಕಟವಾಯಿತು.

ಇನ್ನು ಫುಟ್‌ಪಾತಿನಲ್ಲೇ ಬೈಕು ಓಡಿಸುವವರು. ಗಂಟೆಗೆ 25 ಕಿಲೋಮೀಟರ್ ದಾಟದ, 250 ವಾಟ್ ಒಳಗಿನ ಬೈಕಿಗೆ ಲೈಸೆನ್ಸ್ ಬೇಡ ನಿಜ. ಹಾಗಂತ ಮೂರು ಜನ ಕೂತು ನಡೆಯುವವರ ನಡುವೆ ನುಗ್ಗಬಹುದಾ? ಅದಕ್ಕೆ ಸದ್ದೇ ಇಲ್ಲ. ಅಮ್ಮನಂಥವರು ಗಾಡಿಯನ್ನು ಕಿವಿಯಿಂದ ನೋಡುತ್ತಾರೆ. ಇದು ಬರುವುದು ಗೊತ್ತಾಗುವಾಗ ಮೈಗೆ ತಾಗಿಯಾಗಿರುತ್ತದೆ.

ಪ್ಯಾರಿಸ್ಸಿನಲ್ಲಿ ಬಾಡಿಗೆ ಇ-ಸ್ಕೂಟರ್ ಬೇಕಾ ಬೇಡವಾ ಎಂದು 2023ರ ಏಪ್ರಿಲಿನಲ್ಲಿ ವೋಟು ಹಾಕಿಸಿದರು. ವೋಟು ಹಾಕಲು ಬಂದವರು ಕಡಿಮೆ, ಆದರೆ ಬಂದವರಲ್ಲಿ ನೂರಕ್ಕೆ ಸುಮಾರು 89 ಮಂದಿ ಬೇಡ ಅಂದರು. ಸೆಪ್ಟೆಂಬರಿನಿಂದ ಬಂದ್. ಸಿಕ್ಕಸಿಕ್ಕಲ್ಲಿ ಬಿಟ್ಟು ಹೋಗುವುದು, ಫುಟ್‌ಪಾತಿನಲ್ಲಿ ಓಡಿಸುವುದು, ಜನರ ದೂರು ಇದೇ ಆಗಿತ್ತು. ನಮ್ಮಲ್ಲೂ ಹಾಗಾದರೆ ನನಗೆ ನಿಜವಾಗಿ ಬೇಸರವಾಗುತ್ತದೆ.

ರೈಡ್ ಮುಗಿಸುವ ಮೊದಲು ಒಮ್ಮೆ ಕೆಳಗೆ ನೋಡಿ. ಹಳದಿ ಕಂಡರೆ ರಸ್ತೆ ಬದಿಯ ಪಾರ್ಕಿಂಗಿಗೆ ತನ್ನಿ. ಮಳೆಗಾಲದಲ್ಲಿ ಮೆತ್ತಗಿನ ಮಣ್ಣಿನ ಮೇಲೆ ಸ್ಟ್ಯಾಂಡ್ ಹಾಕಬೇಡಿ, ರಾತ್ರಿಯೊಳಗೆ ಬೈಕು ಮಗುಚಿ ಅಡ್ಡ ಬಿದ್ದಿರುತ್ತದೆ.

ಬರೆಯುತ್ತಿದ್ದ ಹಾಗೆ ಅಮ್ಮ ಕೇಳಿದಳು, "ನಾಳೆ ಆಚೆ ಬದಿಯಿಂದ ಹೋಗುವನಾ?"

ಆಚೆ ಬದಿಯಲ್ಲಿ ಹಳದಿ ಗೆರೆಯೇ ಇಲ್ಲ.