ಯುದ್ಧ ಮಾಡಿದ್ದಕ್ಕೆ ಜೆರಾಕ್ಸ್ ಲಗತ್ತಿಸಿ

ಕೊಡದೆ ಬಿಟ್ಟ ಯುದ್ಧದ ಪದಕ ಕೊಡಿ ಅಂತ ಅರ್ಜಿ ಹಾಕಿದ್ದ ನಮ್ಮ ದೊಡ್ಡಪ್ಪಂಗೆ ಕೊನೆಗೂ ಸೈನ್ಯದ ಕಡೆಯಿಂದ ಕಾಗದ ಬಂತು. ಹನ್ನೊಂದು ತಿಂಗ್ಳು ಕಾದಿದ್ದಕ್ಕೆ ಹನ್ನೊಂದು ಸಾಲು, ಅರ್ಧ ಹಿಂದಿ ಅರ್ಧ ಇಂಗ್ಲಿಷು. ಮಂಡ್ಯ ಸೀಮೆ ಹಳ್ಳಿಲಿ ಕಬ್ಬಿಗೆ ನೀರು ಕಟ್ಕೊಂಡಿರೋ ಮುದುಕಂಗೆ ಬರೆಯೋ ಕಾಗದ ಇನ್ಯಾವ ಭಾಷೇಲಿರ್ಬೇಕು ಹೇಳಿ. ಸಾರಾಂಶ ಇಷ್ಟೇ, ತಾವು 1971ರ ಯುದ್ಧದಲ್ಲಿ ಪಾಲ್ಗೊಂಡಿದ್ದಕ್ಕೆ ಸೂಕ್ತ ದಾಖಲೆ ಲಗತ್ತಿಸಿ, ಆಮೇಲೆ ಮುಂದಿನದು ನೋಡೋಣ. ಅಂದ್ರೆ ಇವರ ಕೈಗೆ ಲಾರಿ ಕೊಟ್ಟು ಗಡಿ ದಾಟಿಸಿದ್ದೂ ಅವರೇ, ನೀವು ಅಲ್ಲಿಗೆ ಹೋಗಿದ್ರಾ ಅಂತ ಇವತ್ತು ಕೇಳ್ತಿರೋರೂ ಅವರೇ. ಬೀಗರ ಊಟಕ್ಕೆ ಕರೆದು ಎಲೆ ಮುಂದೆ ಕೂರಿಸಿ ನೀನ್ಯಾರ ಕಡೆಯೋನಪ್ಪ ಅಂದಂಗೆ.

ವಿಷಯ ಭಾರಿ ಏನಲ್ಲ. ದೊಡ್ಡಪ್ಪ 1964ರಲ್ಲಿ ಸೈನ್ಯ ಸೇರಿ 1979ರಲ್ಲಿ ಬಂದೋರು, ಹದಿನೈದು ವರ್ಷ ಡ್ರೈವರ್ರು. ಅಗರ್ತಲಾ ಕಡೆಯಿಂದ ಮದ್ದುಗುಂಡು ತುಂಬ್ಕೊಂಡು ಈಗಿನ ಬಾಂಗ್ಲಾದೇಶದ ಒಳಕ್ಕೆ ಹೋಗಿದ್ದೋರು. ಆ ರಂಗದಲ್ಲಿದ್ದೋರಿಗೆ ಪೂರ್ವಿ ಸ್ಟಾರ್ ಅಂತ ಒಂದು ಪದಕ ಉಂಟು, ಪಶ್ಚಿಮದ ಕಡೆಯೋರಿಗೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್. ಇವರ ಡಿಸ್ಚಾರ್ಜ್ ಬುಕ್ಕಲ್ಲಿ ಅವೆಲ್ಲ ಇಲ್ಲ. ಇರೋದು ಒಂದೇ ಒಂದು, ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ಲು. ಅದು ಯಾರಿಗೆ ಕೊಟ್ರು ಗೊತ್ತಾ, 1972ರ ಆಗಸ್ಟ್ 15ನೇ ತಾರೀಕು ಸರ್ವೀಸಲ್ಲಿದ್ದ ಎಲ್ಲರಿಗೂ. ಆವತ್ತು ಆಸ್ಪತ್ರೇಲಿ ಜ್ವರ ಬಂದು ಮಲಗಿದ್ರೂ ಸಿಗ್ತಿತ್ತು. ಅಂದ್ರೆ ದಾಖಲೆ ಪ್ರಕಾರ ನಮ್ಮ ದೊಡ್ಡಪ್ಪನ ಸಾಧನೆ ಏನಪ್ಪ ಅಂದ್ರೆ ಆವತ್ತಿನ ದಿನ ಉಸಿರಾಡ್ತಿದ್ದಿದ್ದು. ಡಿಸೆಂಬರ್ 3ರಿಂದ 16ರವರೆಗೆ ಏನ್ ಮಾಡ್ತಿದ್ರೋ ದೇವರೇ ಬಲ್ಲ, ಮದ್ದೂರು ಟೇಷನ್ನಲ್ಲಿ ವಡೆ ತಿಂತಿದ್ರೋ ಏನೋ.

ಆಚೆ ಕಡೆಯ 93 ಸಾವಿರ ಜನ ಶರಣಾದ್ರು ಅಂತ ಸ್ಕೂಲ್ ಮಕ್ಕಳಿಗೂ ಗೊತ್ತು. ಶತ್ರುಗಳನ್ನ ತಲೆ ತಲೆ ಎಣಿಸಿದ ದೇಶಕ್ಕೆ ನಮ್ಮ ಕಡೆಯ ಒಬ್ಬ ಲಾರಿ ಡ್ರೈವರ್ ಲೆಕ್ಕಕ್ಕೆ ಸಿಗ್ಲಿಲ್ಲ.

ಆರ್ಮಿಲಿ ಪಾರ್ಟ್ ಟೂ ಆರ್ಡರ್ ಅಂತ ಒಂದಿದೆ, ಮಾಜಿ ಸೈನಿಕರ ಮನೇಲಿ ಹುಟ್ಟಿದೋರಿಗೆ ಇದು ಅಕ್ಷರಾಭ್ಯಾಸ. ರಜಕ್ಕೆ ಹೋದ್ರೆ ಪಾರ್ಟ್ ಟೂ, ಬಂದ್ರೆ ಪಾರ್ಟ್ ಟೂ, ಮದುವೆ ಆದ್ರೆ, ಮಗು ಹುಟ್ಟಿದ್ರೆ, ಎಲ್ಲ ಅದರಲ್ಲಿ ಪಬ್ಲಿಶ್ ಆಗ್ಬೇಕು, ಆಗ್ಲಿಲ್ವಾ, ಆ ಮಗು ಸರ್ಕಾರದ ಮಟ್ಟಿಗೆ ಹುಟ್ಟೇ ಇಲ್ಲ. ನಮ್ಮಣ್ಣ ಹುಟ್ಟಿದ್ದು ಸರಿಯಾಗಿ ಎಂಟ್ರಿ ಆಗಿದೆ, ಪುಣ್ಯ. ಯುದ್ಧ ಎಂಟ್ರಿ ಆಗಿಲ್ಲ. ಆ ಕಾಲದ ಯಾವನೋ ಕ್ಲರ್ಕಿಗೆ ಆ ವಾರ ಕೈಬಿಡುವಿರಲಿಲ್ವೋ, ಇಲ್ಲ ಅವನೂ ಯುದ್ಧದಲ್ಲೇ ಇದ್ನೋ, ಅವನನ್ನ ನಾನು ಬೈಯಲ್ಲ. ಐವತ್ತು ಚಿಲ್ಲರೆ ವರ್ಷ ಆದ್ಮೇಲೂ ಅದನ್ನ ಸರಿ ಮಾಡಕ್ಕೆ ಒಂದು ಪೆನ್ನು ಸಿಗದೋರನ್ನ ಬೈತೀನಿ.

ಪ್ರೂಫ್ ಕೇಳಿದ್ರಲ್ಲ, ಸರಿ ಅಂತ ಟ್ರಂಕು ತೆಗೆದ್ವಿ. ಕಪ್ಪು ಟ್ರಂಕು, ಮೇಲೆ ಬಿಳಿ ಪೇಂಟಲ್ಲಿ ಆರ್ಮಿ ನಂಬರ್ರು, ಹೆಸರು. ಅದರಲ್ಲಿ ಗೌಡ ಅನ್ನೋದನ್ನ ಉತ್ತರದ ಕಡೆ ಯಾವನೋ ಗೋವ್ಡಾ ಅಂತ ಬರೆದವ್ನೆ. ಒಳಗೆ ನುಸಿಗುಳಿಗೆ ವಾಸನೆ, ಸೀರೆ ಅಂಗಡಿ ಕವರಲ್ಲಿ ಸುತ್ತಿದ ಡಿಸ್ಚಾರ್ಜ್ ಬುಕ್ಕು, ಹತ್ತೀಲಿ ಮಡಗಿದ ಆ ಒಂಟಿ ಮೆಡಲ್ಲು, ಅಡೀಲಿ ನಮ್ಮಜ್ಜಿಗೆ ಬರೆದಿದ್ದ ಒಂದು ಇನ್‌ಲ್ಯಾಂಡ್ ಲೆಟರ್ರು. ತಾರೀಕು 1971 ಡಿಸೆಂಬರ್ 22, ವಿಳಾಸ ಕೇರಾಫ್ 99 ಎಪಿಒ, ಅಂದ್ರೆ ಸೈನ್ಯದ ಅಂಚೆ ಕಚೇರಿ. ಪೂರ್ವದ ಕಡೆ ಪಡೆಗಳ ಟಪಾಲೆಲ್ಲ 99ರ ಮೇಲೆ, ಪಶ್ಚಿಮದ್ದು 56ರ ಮೇಲೆ, ಇದು ಸೈನ್ಯದಲ್ಲಿದ್ದ ಯಾರಿಗಾದ್ರೂ ಗೊತ್ತು. ನನಗೆ ಲಾಟರಿ ಹೊಡೆದಂಗಾಯ್ತು, ಜೆರಾಕ್ಸ್ ಮಾಡಿಸಿ ಕಚೇರಿ ಸಾಹೇಬರ ಟೇಬಲ್ ಮೇಲೆ ಇಟ್ಟೆ.

ಸಾಹೇಬರು ಓದಿದ್ರು. ಕನ್ನಡದೋರೇ, ಪೂರ್ತಿ ಓದಿದ್ರು. 'ಕಬ್ಬು ಕಟಾವಾಯ್ತಾ, ಎಮ್ಮೆ ಕರ ಹಾಕ್ತಾ, ಹೆಣ್ಣೋ ಗಂಡೋ, ನಾನು ಚೆನ್ನಾಗಿದೀನಿ, ಇಲ್ಲಿ ಚಳಿ ಜಾಸ್ತಿ, ದುಡ್ಡು ಮನಿ ಆರ್ಡರ್ ಮಾಡಿದೀನಿ.' ಇಷ್ಟೇ ಇರೋದು ಅದರಲ್ಲಿ. ಕನ್ನಡಕ ಕೆಳಗಿಳಿಸಿ, "ಇದರಲ್ಲಿ ಯುದ್ಧದ ವಿಷಯನೇ ಇಲ್ವಲ್ರೀ?" ಅಂದ್ರು. ಸಾರ್, ಓದು ಬರದ ತಾಯಿಗೆ, ಊರ ಮೇಷ್ಟ್ರು ಓದಿ ಹೇಳೋ ಕಾಗದದಲ್ಲಿ, ಅಮ್ಮ ಇವತ್ತು ಮುಂದಿನ ಲಾರಿ ಮೈನ್ ಮೇಲೆ ಹತ್ತಿ ಹಾರೋಯ್ತು ಅಂತ ಯಾವ ಮಗ ಬರೀತಾನೆ? ಬರೆದ್ರೂ ಸೆನ್ಸಾರ್ನೋರು ಬಿಡ್ತಿದ್ರಾ? "ಅದೆಲ್ಲ ನಂಗೊತ್ತಿಲ್ಲ, 99 ಎಪಿಒ ಅಂದ್ರೆ ಈಸ್ಟು ಅನ್ನೋದಕ್ಕೆ ಏನಾದ್ರೂ ಡಾಕ್ಯುಮೆಂಟ್ ಇದ್ರೆ ಕೊಡಿ. ಅಂದಂಗೆ ಎಮ್ಮೆ ಏನ್ ಹಾಕ್ತು?" ಅಂದ್ರು. ದೊಡ್ಡಪ್ಪ, "ಹೆಣ್ಗರ ಸ್ವಾಮಿ" ಅಂದ್ರು. ಆ ಎಮ್ಮೆ ಕರಕ್ಕೆ ಮಾತ್ರ ಪ್ರೂಫ್ ಕೇಳಲಿಲ್ಲ ನೋಡಿ.

ಹಿಂಗಂತ ನಮ್ಮ ನಾಡಲ್ಲಿ ಸನ್ಮಾನಕ್ಕೆ ಬರ ಇದೆಯಾ ಅಂದ್ರೆ ರಾಮ ರಾಮ. ಎಷ್ಟನೇ ರಾಜ್ಯೋತ್ಸವವೋ ಅಷ್ಟು ಜನಕ್ಕೆ ರಾಜ್ಯೋತ್ಸವ ಪ್ರಶಸ್ತಿ, 2023ರಲ್ಲಿ 68, 2024ರಲ್ಲಿ 69, ಹುಟ್ಟುಹಬ್ಬದ ಕೇಕಿನ ಮೇಲೆ ಮೇಣದಬತ್ತಿ ಏರಿದಂಗೆ. ಮೈಸೂರಲ್ಲಂತೂ ಯಾವ ಬೀದಿಗೆ ಕಲ್ಲು ಹೊಡೆದ್ರೂ ಒಬ್ಬ ಗೌರವ ಡಾಕ್ಟರೇಟಿಗೆ ಬೀಳುತ್ತೆ, ಹೋಟೆಲ್ ಹಾಲಲ್ಲಿ ಗೌನು ಹಾಕಿ ಹಂಚ್ತಾರೆ, ದುಡ್ಡು ಕಟ್ಟಿದ್ರೆ ಸಾಕು, ಸಂಜೆಗೆ ಫ್ಲೆಕ್ಸು. ನಮ್ಮೂರಲ್ಲಿ ಡೈರಿ ಎಲೆಕ್ಷನ್ ಗೆದ್ದೋನಿಗೆ ಏಲಕ್ಕಿ ಹಾರ, ಸೋತೋನಿಗೆ ಸಮಾಧಾನಕ್ಕೆ ಶಾಲು. ಮೈಸೂರು ಪೇಟ ಈಗ ಒಂದೊಂದು ಮನೇಲಿ ಎಂಟೆಂಟು ಇವೆ, ಕೋಳಿ ಮರಿ ಮುಚ್ಚಕ್ಕೆ ಬಳಸೋರನ್ನ ನಾನೇ ನೋಡಿದೀನಿ.

ಹೋದ ಜುಲೈ 26ಕ್ಕೆ ಕಾರ್ಗಿಲ್ ವಿಜಯ ದಿವಸ ಅಂತ ಒಂದು ಸಂಘದ ಹುಡುಗರು ದೊಡ್ಡಪ್ಪನ್ನೂ ಕರೆದ್ರು, ಇವರದ್ದು ಆ ಯುದ್ಧ ಅಲ್ಲ ಕಣ್ರಪ್ಪ ಅಂದ್ರೂ ಬಿಡ್ಲಿಲ್ಲ, ಪರ್ವಾಗಿಲ್ಲ ತಾತ ಯಾವ್ದೋ ಒಂದು ಯುದ್ಧ, ಬರ್ತಾ ಮೆಡಲ್ ಎಲ್ಲ ಹಾಕ್ಕೊಂಡ್ ಬನ್ನಿ ಫೋಟೋಗೆ ಚೆನ್ನಾಗಿರುತ್ತೆ ಅಂದ್ರು. ಒಂದೇ ಇರೋದು ಅಂದಾಗ ಒಬ್ಬ ಮೊಬೈಲ್ ತೆಗೆದು, ಆನ್‌ಲೈನಲ್ಲಿ ಸಿಗುತ್ತೆ ತಾತ, ಸೆಟ್ಟು, ರಿಬ್ಬನ್ ಸಮೇತ, ಎರಡು ದಿನದಲ್ಲಿ ಡೆಲಿವರಿ ಅಂದ. ಸುಳ್ಳಲ್ಲ, ಕಂಟೋನ್ಮೆಂಟ್ ಅಂಗಡಿಗಳಲ್ಲಿ ನಕಲು ರಾಶಿ ಬಿದ್ದಿರುತ್ತೆ, ಅಸಲಿ ಬರೋದು ತಡ ಅಂತ ಸರ್ವೀಸಲ್ಲಿರೋರೇ ಕೊಂಡು ಹಾಕ್ಕೊತಾರೆ. ಅಸಲಿದರ ಮೇಲೆ ನಂಬರ್ರು ಹೆಸರು ಕೊರೆದಿರುತ್ತೆ, ನಕಲಿದು ಬೋಳು, ಅಷ್ಟೇ ವ್ಯತ್ಯಾಸ. ದೊಡ್ಡಪ್ಪ ಒಪ್ಪಲಿಲ್ಲ. "ಕೊಂಡ್ಕಂಡು ಹಾಕಕ್ಕೆ ನಾನೇನ್ ದಸರಾ ಬೊಂಬೇನೇನ್ಲಾ?" ಅಂದ್ರು. ಹುಡುಗರು ಪೇಟ ಇಟ್ಟು ಕಳಿಸಿದ್ರು.

ಈ ಸೀಮೆ ಮೊದ್ಲಿಂದ ಹಿಂಗಿರಲಿಲ್ಲ. ಮದ್ದೂರು ತಾಲ್ಲೂಕು ಆತಕೂರಿನ ಶಾಸನ ಗೊತ್ತಲ್ಲ, ಕ್ರಿ.ಶ. 950ರ ಆಸುಪಾಸಿಂದು. ತಕ್ಕೋಲದ ಕಾಳಗದಲ್ಲಿ ಗಂಗರ ಬೂತುಗ ಚೋಳರ ರಾಜಾದಿತ್ಯನ್ನ ಕೊಂದ, ಅವನ ಕಡೆ ಮಣಲೇರ ಅನ್ನೋನು ಚೆನ್ನಾಗಿ ಕಾದಾಡ್ದ. ಮೆಚ್ಚಿದೆ, ಏನು ಬೇಕು ಕೇಳು ಅಂದ ಬೂತುಗ. ಫಾರ್ಮ್ ತುಂಬು ಅನ್ನಲಿಲ್ಲ, ನೀನು ತಕ್ಕೋಲದಲ್ಲಿದ್ದೆ ಅನ್ನೋದಕ್ಕೆ ಇಬ್ಬರ ಸಾಕ್ಷಿ ತಾ ಅನ್ನಲಿಲ್ಲ. ಮಣಲೇರ ಕೇಳಿದ್ದು ಕಾಳಿ ಅನ್ನೋ ಬೇಟೆ ನಾಯಿನ. ಕೊಟ್ಟ. ಆಮೇಲೆ ಆ ಕಾಳಿ ಒಂದು ಹಂದಿ ಮೇಲೆ ಬಿದ್ದು ಎರಡೂ ಸತ್ವು, ಅದಕ್ಕೆ ಕಲ್ಲು ನಿಲ್ಲಿಸಿ, ನಾಯಿ ಹಂದಿ ಕಾದಾಡೋದನ್ನ ಕೆತ್ತಿಸಿ, ಪೂಜೆಗೆ ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿ ಪಾಪ ತಟ್ಟಲಿ ಅಂತಾನೂ ಬರೆಸಿದ್ರು. ಪಾರ್ಟ್ ಟೂ ಆರ್ಡರ್ ಅಂದ್ರೆ ಅದಪ್ಪ! ಸಾವಿರ ವರ್ಷ ದಾಟಿದೆ, ರೆಕಾರ್ಡು ಬೆಂಗಳೂರು ಮ್ಯೂಸಿಯಂನಲ್ಲಿ ಹಂಗೇ ನಿಂತಿದೆ, ಹೆಸರಲ್ಲಿ ಸ್ಪೆಲ್ಲಿಂಗ್ ಮಿಸ್ಟೇಕೂ ಇಲ್ಲ. ಇದನ್ನ ದೊಡ್ಡಪ್ಪಂಗೆ ಹೇಳಿದ್ರೆ, "ನಾಯಿಗೆ ಸಿಕ್ತಾ? ಒಳ್ಳೇದಾಯ್ತು ಬುಡು" ಅಂದ್ರು.

ಅಮೆರಿಕಾದಲ್ಲಿರೋ ನನ್ನ ತಂಗಿ ಮಗ ಹೇಳ್ತಾನೆ, ಅಲ್ಲಿ 1973ರಲ್ಲಿ ಸೇಂಟ್ ಲೂಯಿಸ್ ರೆಕಾರ್ಡ್ ಕಟ್ಟಡಕ್ಕೆ ಬೆಂಕಿ ಬಿದ್ದು ಕೋಟಿ ಮೀರಿ ಸೈನಿಕರ ಫೈಲು ಸುಟ್ಟೋಯ್ತಂತೆ, ಆದ್ರೂ ಸಂಬಳದ ಚೀಟಿ ಅದೂ ಇದೂ ಹುಡುಕಿ ಜೋಡಿಸ್ತಾರಂತೆ, ಬಿಟ್ಟೋದ ಮೆಡಲ್ ಸೇರಿಸಕ್ಕೆ ಒಂದು ತಿದ್ದುಪಡಿ ಫಾರ್ಮೇ ಇದೆಯಂತೆ. ಅಲ್ಲೂ ವರ್ಷಗಟ್ಟಲೆ ಅಲೆಯೋರಿದ್ದಾರೆ, ಅದು ಸ್ವರ್ಗ ಅಂತ ನಾನೇನು ಹೇಳಲ್ಲ. ಆದ್ರೆ ಅವರಿಗೆ ಹೇಳಕ್ಕೆ ಒಂದು ಬೆಂಕಿ ಇದೆ. ನಮ್ಮ ಫೈಲಿಗೆ ಹೊಗೆನೂ ತಾಕಿಲ್ಲ.

"ಇದರಿಂದ ನಿಮಗೇನ್ ಸಿಗುತ್ತೆ ಯಜಮಾನ್ರೇ?" ಅಂತಾನೂ ಕೇಳಿದ್ರು ಆ ಕಚೇರೀಲಿ, ಪ್ರೀತಿಯಿಂದಲೇ ಕೇಳಿದ್ರು. ಏನೂ ಸಿಗಲ್ಲ. ಶೌರ್ಯ ಪದಕಕ್ಕಾದ್ರೆ ತಿಂಗಳಿಗೆ ಇಷ್ಟು ಅಂತ ಭತ್ಯೆ ಇರುತ್ತೆ, ಈ ಸ್ಟಾರಿಗೆ ಒಂದು ರೂಪಾಯಿ ಇಲ್ಲ, ಪೆನ್ಷನ್ ಒಂದು ಪೈಸೆ ಏರಲ್ಲ. ಅದೇ ನನಗೆ ತಲೆ ಕೆಡೋದು. ದುಡ್ಡು ಕೇಳಿದ್ರೆ ಖಜಾನೆ ಖಾಲಿ ಅನ್ನಬಹುದಿತ್ತು, ಸೈಟು ಕೇಳಿದ್ರೆ ಜಾಗ ಇಲ್ಲ ಅನ್ನಬಹುದಿತ್ತು. ಇವರು ಕೇಳ್ತಿರೋದು ಹೋಗಿದ್ದೋನು ಹೋಗಿದ್ದ ಅಂತ ಒಂದು ಸಾಲು ಬರೀರಿ ಅಂತ. ವರ್ಷಕ್ಕೊಂದ್ಸಲ ಬದುಕಿದೀನಿ ಅಂತ ಹೆಬ್ಬೆಟ್ಟು ಒತ್ತಬೇಕು, ಗುದ್ದಲಿ ಹಿಡಿದು ಸವೆದ ಬೆರಳು ಮೆಷಿನ್ನಿಗೆ ಓದಲ್ಲ, ನಾಕು ಸಲ ಸೋಪು ಹಾಕಿ ತೊಳೀಬೇಕು. ಬದುಕಿರೋದಕ್ಕೂ ಪ್ರೂಫು, ಸಾಯೋ ಜಾಗಕ್ಕೆ ಹೋಗಿ ಬಂದಿದ್ದಕ್ಕೂ ಪ್ರೂಫು. ಸಾಕಾಗೋಗಿದೆ ನನಗೆ. ತಮಾಷೆ ಮಾಡೋಣ ಅಂತ ಕೂತೆ, ಬರೀತಾ ಬರೀತಾ ತಮಾಷೆ ಬರ್ತಿಲ್ಲ.

ಕೊನೆಗೆ ಅಫಿಡವಿಟ್ ಮಾಡಿಸ್ಕೊಂಡ್ ಬನ್ನಿ ಅಂದ್ರು. ಕೋರ್ಟ್ ಹತ್ರ ಟೈಪಿಂಗ್ ಹುಡುಗನ ಮುಂದೆ ಕೂತ್ವಿ. ಎಲ್ಲ ಕೇಳಿಸ್ಕೊಂಡ, ಕಂಪ್ಯೂಟರಲ್ಲಿ ಮಾರ್ಕ್ಸ್ ಕಾರ್ಡ್ ಕಳೆದೋದೋರ ಫಾರ್ಮ್ಯಾಟ್ ತೆಗೆದ, ಮಾರ್ಕ್ಸ್ ಕಾರ್ಡ್ ಅಳಿಸಿ ಪದಕ ಅಂತ ಹಾಕಿ ಪ್ರಿಂಟ್ ಕೊಟ್ಟ. 'ಸದರಿ ಪದಕವು ಪ್ರಯಾಣದ ವೇಳೆ ಕಳೆದುಹೋಗಿದ್ದು ಎಷ್ಟು ಹುಡುಕಿದರೂ ಸಿಕ್ಕಿರುವುದಿಲ್ಲ.'

"ಕಳೆದಿಲ್ಲ ಕಣಪ್ಪ, ಕೊಟ್ಟೇ ಇಲ್ಲ" ಅಂದೆ.

"ಕೊಟ್ಟೇ ಇಲ್ಲ ಅನ್ನೋದಕ್ಕೆ ಫಾರ್ಮ್ಯಾಟ್ ಇಲ್ಲ ಸಾರ್. ಕಳೆದೋಗಿದೆ ಅನ್ನಿ, ಬೇಗ ಆಗುತ್ತೆ."

ನನಗೂ ಸರಿ ಅನ್ನಿಸ್ತು, ಸುಳ್ಳಾದ್ರೆ ಸುಳ್ಳು, ಕೆಲಸ ಆದ್ರೆ ಸಾಕು. "ದೊಡ್ಡಪ್ಪ, ಒಂದು ಸೈನ್ ಹಾಕ್ಬುಡು" ಅಂದೆ. ಅವರು ಪೆನ್ನು ಈಸ್ಕೊಂಡು, ಕ್ಯಾಪು ಹಾಕಿ, ನನ್ನ ಜೇಬಿಗೆ ಸಿಕ್ಕಿಸಿದ್ರು.

"ಸರ್ಕಾರಿ ಸಾಮಾನು ಕಳ್ದೆ ಅಂತ ಬರ್ಕೊಡ್ಲಾ? ಹದಿನೈದು ವರ್ಷದಲ್ಲಿ ಒಂದು ಸ್ಪ್ಯಾನರ್ ಕಳ್ದಿಲ್ಲ ಕಣ್ಲಾ ನಾನು. ನಡಿ, ನೀರು ಬಿಡೋ ಹೊತ್ತಾಯ್ತು."