ಸನ್‌ಸ್ಕ್ರೀನ್ ನೆಚ್ಚಿ ಬಿಸಿಲಿಗೆ ಇಳಿಯಬಹುದೇ?

ಪರ

ಸನ್‌ಸ್ಕ್ರೀನ್ ಬಿಸಿಲನ್ನು ತಡೆಯುತ್ತದೆ ಎಂಬುದನ್ನು ಬರಿಯ ಜಾಹೀರಾತಿನ ಮಾತೆಂದು ತಳ್ಳಿಹಾಕುವವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ನ್ಯಾಂಬರ್ ಎಂಬ ಊರಿನಲ್ಲಿ ನಡೆದ ಪ್ರಯೋಗವನ್ನು ಒಮ್ಮೆ ಗಮನಿಸಬೇಕು. ಚರ್ಮದ ಕ್ಯಾನ್ಸರ್ ಬಹಳವಾಗಿ ಕಾಡುವ ಆ ಸೀಮೆಯಲ್ಲಿ 1992ರಿಂದ 1996ರವರೆಗೆ 1,621 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರು ತಲೆ, ಕುತ್ತಿಗೆ, ತೋಳು, ಕೈಗಳಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚಿಕೊಳ್ಳಬೇಕು. ಇನ್ನೊಂದು ಗುಂಪಿನವರು ತಮ್ಮ ರೂಢಿಯಂತೆ, ಬೇಕೆನಿಸಿದಾಗ ಹಚ್ಚಿಕೊಂಡರಾಯಿತು. ದಿನವೂ ಹಚ್ಚಿಕೊಂಡವರಲ್ಲಿ ಸ್ಕ್ವೇಮಸ್ ಕೋಶದ ಕ್ಯಾನ್ಸರ್ ಗೆಡ್ಡೆಗಳು ಸುಮಾರು ಶೇಕಡಾ 40ರಷ್ಟು ಕಡಿಮೆಯಾದವು. ಪ್ರಯೋಗ ಮುಗಿದ ಮೇಲೂ ಸಂಶೋಧಕರು ಇವರನ್ನು ಹತ್ತು ವರ್ಷ ಹಿಂಬಾಲಿಸಿದರು. 2011ರಲ್ಲಿ ಪ್ರಕಟವಾದ ಲೆಕ್ಕದಂತೆ ಮೆಲನೋಮ ಎಂಬ ಮಾರಕವಾದ ಚರ್ಮದ ಕ್ಯಾನ್ಸರ್ ದಿನವೂ ಹಚ್ಚಿಕೊಂಡ ಗುಂಪಿನ 11 ಮಂದಿಯಲ್ಲಿ, ಇನ್ನೊಂದರ 22 ಮಂದಿಯಲ್ಲಿ ಕಾಣಿಸಿಕೊಂಡಿತ್ತು. ಅಂಗೈ ಹಿಂಭಾಗದ ಚರ್ಮದ ಗೆರೆಗಳನ್ನು ಸಿಲಿಕೋನಿನ ಅಚ್ಚಿನಲ್ಲಿ ತೆಗೆದು ಹೋಲಿಸಿದಾಗ, ಚರ್ಮ ಮುಪ್ಪಾಗುವುದೂ ದಿನವೂ ಹಚ್ಚಿಕೊಂಡವರಲ್ಲಿ ಶೇಕಡಾ 24ರಷ್ಟು ಕಡಿಮೆಯಿತ್ತು. ಸುಡುವ ಕಿರಣಗಳಿಂದ ಎಷ್ಟು ರಕ್ಷಣೆ ಸಿಗುತ್ತದೆಂದು ತಿಳಿಸಲು ಟ್ಯೂಬಿನ ಮೇಲೆ ಎಸ್‌ಪಿಎಫ್ ಎಂಬ ಅಂಕಿ ಇರುತ್ತದೆ. ಆಗ ಬಳಸಿದ್ದು ಇಂದಿನ 50ರ ಅಂಕಿಯ ಸನ್‌ಸ್ಕ್ರೀನ್ ಅಲ್ಲ, 15ರ ಆಸುಪಾಸಿನದು ಎಂಬುದನ್ನು ಮರೆಯಬಾರದು.

ಇದರ ಹಿಂದಿನ ಕಾರಣ ಸರಳವಾಗಿದೆ. ಬಿಸಿಲಿನಲ್ಲಿರುವ ಅತಿನೇರಳೆ (ಯುವಿ) ಕಿರಣಗಳು ಚರ್ಮದ ಕೋಶಗಳೊಳಗಿನ ಡಿಎನ್ಎಯನ್ನು ಕೆಡಿಸುತ್ತವೆ, ಆಳಕ್ಕಿಳಿದವು ಚರ್ಮದ ಬಿಗುವನ್ನು ಸಡಿಲಿಸುತ್ತವೆ. ಸನ್‌ಸ್ಕ್ರೀನಿನ ಪದರ ಈ ಕಿರಣಗಳು ಒಳಹೋಗುವ ಮುನ್ನವೇ ಅವುಗಳ ಶಕ್ತಿಯನ್ನು ಬಹುಪಾಲು ಹೀರಿ ಶಾಖವಾಗಿ ಬಿಟ್ಟುಬಿಡುತ್ತದೆ. ಸರಿಯಾಗಿ ಹಚ್ಚಿದ 30ರ ಸನ್‌ಸ್ಕ್ರೀನು ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇಕಡಾ 97ರಷ್ಟನ್ನು ತಡೆಯುತ್ತದೆ. ಗಾಜನ್ನೂ ದಾಟಿ ಬರುವ ಯುವಿಎ ಕಿರಣಗಳಿಗೆ 'ಬ್ರಾಡ್ ಸ್ಪೆಕ್ಟ್ರಮ್' ಎಂದು ಬರೆದಿರುವುದನ್ನು ಆರಿಸಿಕೊಳ್ಳಬೇಕು.

ನಮ್ಮದು ಕಂದು ಮೈಬಣ್ಣ, ಇದೆಲ್ಲ ನಮಗೇಕೆ ಎಂಬ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿದ್ದೇನೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಾಯುತ್ತದೆ, ನಿಜ, ಆದರೆ ಪೂರ್ತಿ ಕಾಯುವುದಿಲ್ಲ. ಕೆನ್ನೆಯ ಮೇಲೆ ಬಂಗು ಬಂದವರಿಗೆ, ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆ ಇರುವವರಿಗೆ, ಬಿಸಿಲು ತಾಗಿದರೆ ಚರ್ಮ ಕೆಂಡದಂತಾಗಿಸುವ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ನುಂಗುತ್ತಿರುವವರಿಗೆ ಚರ್ಮವೈದ್ಯರು ಇದನ್ನು ಬರೆದುಕೊಡುವುದು ಸೌಂದರ್ಯಕ್ಕಾಗಿ ಅಲ್ಲ. ಹುಟ್ಟಿನಿಂದಲೇ ಮೆಲನಿನ್ ಇಲ್ಲದ, ಆಲ್ಬಿನಿಸಂ ಇರುವ ಮಕ್ಕಳು ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಅವರ ಪಾಲಿಗೆ ಇದು ಔಷಧಿಯೇ ಸರಿ. ಅಂಥ ಮಗುವನ್ನು ಕಂಡವರು ಯಾರೂ ಇದನ್ನು ಸಿರಿವಂತರ ಶೋಕಿ ಎನ್ನಲಾರರು.

ಕೆಲವು ರಾಸಾಯನಿಕಗಳು ಚರ್ಮದ ಮೂಲಕ ರಕ್ತಕ್ಕೆ ಸೇರುತ್ತವೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರಲ್ಲಿ ತೋರಿಸಿಕೊಟ್ಟಿತು. ಅದು ಇನ್ನಷ್ಟು ಪರೀಕ್ಷೆ ಬೇಕೆಂಬ ಮಾತೇ ಹೊರತು ಹಾನಿಯ ಸಾಕ್ಷ್ಯವಲ್ಲ, ಮತ್ತು ಅಂಜುವವರಿಗೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನು ಸಿಗುತ್ತದೆ.

ವಿರೋಧ

ನ್ಯಾಂಬರಿನ ಫಲಿತಾಂಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಪ್ರಯೋಗದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವ ಬೇಸಲ್ ಕೋಶದ ಕ್ಯಾನ್ಸರಿನಲ್ಲಿ ಎರಡೂ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ. ಸನ್‌ಸ್ಕ್ರೀನನ್ನು ಪುಕ್ಕಟೆಯಾಗಿ ಕೊಟ್ಟು, ಹಚ್ಚುವ ಬಗೆ ತಿಳಿಸಿ, ವರ್ಷಗಟ್ಟಲೆ ವಿಚಾರಿಸಿಕೊಂಡ ಊರಿನ ಅನುಭವವನ್ನು, ಅಂಗಡಿಯಿಂದ ಒಂದು ಟ್ಯೂಬು ತಂದು ಬೆಳಿಗ್ಗೆ ಕಡಲೆಕಾಳಿನಷ್ಟು ಸವರಿಕೊಂಡು ಹೊರಡುವವರಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಟ್ಯೂಬಿನ ಮೇಲಿನ ಅಂಕಿ ಪ್ರಯೋಗಾಲಯದ್ದು. ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಮಿನಂತೆ ದಪ್ಪಗೆ ಬಳಿದಾಗ ಮಾತ್ರ ಅದು ನಿಜವಾಗುತ್ತದೆ. ಜನರು ಹಚ್ಚುವುದು ಸಾಮಾನ್ಯವಾಗಿ ಅದರ ಕಾಲು ಭಾಗದಿಂದ ಅರ್ಧದಷ್ಟು ಎಂದು ಮತ್ತೆ ಮತ್ತೆ ಕಂಡುಬಂದಿದೆ. ಪದರ ತೆಳುವಾದಂತೆ ರಕ್ಷಣೆಯೂ ಕುಸಿಯುತ್ತದೆ. ಹೇಳಿದ ಅಳತೆಯಲ್ಲಿ ಬರಿಯ ಮುಖಕ್ಕೇ ಒಂದು ಗ್ರಾಮಿಗಿಂತ ಹೆಚ್ಚು ಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕೆಂಬ ಸಲಹೆಯನ್ನು ದಿನಕ್ಕೆ ಎರಡೇ ಬಾರಿಗೆ ಇಳಿಸಿಕೊಂಡರೂ 50 ಗ್ರಾಮಿನ ಟ್ಯೂಬು ಒಂದು ತಿಂಗಳು ಬರುವುದಿಲ್ಲ, ಕುತ್ತಿಗೆ ಮತ್ತು ತೋಳುಗಳ ಲೆಕ್ಕ ಬೇರೆ. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ದುಡಿಯುವವರ ಮೈಮೇಲೆ ಆ ಪದರ ಎಷ್ಟು ಹೊತ್ತು ನಿಂತೀತು?

ಇನ್ನೂ ಕಳವಳ ತರುವ ವಿಷಯವೆಂದರೆ, ಹಚ್ಚಿಕೊಂಡಿದ್ದೇವೆ ಎಂಬ ನೆಚ್ಚಿಕೆಯೇ ಬಿಸಿಲಿನಲ್ಲಿ ನಿಲ್ಲುವ ಹೊತ್ತನ್ನು ಹೆಚ್ಚಿಸುತ್ತದೆ. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ವಿದ್ಯಾರ್ಥಿಗಳಿಗೆ ಯಾವುದೆಂದು ತಿಳಿಸದೆ ಕೆಲವರಿಗೆ 10ರ, ಕೆಲವರಿಗೆ 30ರ ಸನ್‌ಸ್ಕ್ರೀನನ್ನು ಹಂಚಲಾಗಿತ್ತು. ಮೊದಲಿನವರು ರಜೆಯಲ್ಲಿ ಸರಾಸರಿ ಸುಮಾರು 58 ಗಂಟೆ ಬಿಸಿಲು ಕಾಯಿಸಿಕೊಂಡರೆ ಎರಡನೆಯವರು ಸುಮಾರು 73 ಗಂಟೆ ಕಾಯಿಸಿಕೊಂಡರು. ಮೈ ಸುಟ್ಟುಕೊಂಡಿದ್ದು ಮಾತ್ರ ಇಬ್ಬರದೂ ಹೆಚ್ಚುಕಡಿಮೆ ಒಂದೇ.

ಅಂಕಿಯನ್ನಾದರೂ ನಂಬಬಹುದೇ? ಸನ್‌ಸ್ಕ್ರೀನಿನ ಮೇಲೆ ಬಿಗಿಯಾದ ನಿಯಂತ್ರಣವಿರುವ ಆಸ್ಟ್ರೇಲಿಯಾದಲ್ಲಿ, 'ಚಾಯ್ಸ್' ಎಂಬ ಗ್ರಾಹಕ ಸಂಘಟನೆ 2025ರಲ್ಲಿ 20 ಉತ್ಪನ್ನಗಳನ್ನು ಪರೀಕ್ಷೆಗೆ ಕಳುಹಿಸಿದಾಗ 16 ಉತ್ಪನ್ನಗಳು ತಮ್ಮ ಮೇಲೆ ಅಚ್ಚಾದ ಅಂಕಿಯನ್ನು ಮುಟ್ಟಲಿಲ್ಲ. ನಮ್ಮಲ್ಲಿ ಇದು ಔಷಧಿಗಳ ಪಟ್ಟಿಯಲ್ಲಲ್ಲ, ಸೌಂದರ್ಯವರ್ಧಕಗಳ ಪಟ್ಟಿಯಲ್ಲಿದೆ. ಹೀಗಿರುವಾಗ ಇಲ್ಲಿನ ಅಂಕಿಯನ್ನು ಎಷ್ಟು ನಂಬುವುದು?

ಮೈಬಣ್ಣದ ಮಾತಿಗೂ ನನ್ನ ಆಕ್ಷೇಪವಿದೆ. ಕ್ಯಾನ್ಸರ್ ತಡೆಯುವ ಸಾಕ್ಷ್ಯ ಬಹುಪಾಲು ಬಿಳಿಯ ಚರ್ಮದವರಿಂದ ಬಂದದ್ದು. ಕಪ್ಪು ಮತ್ತು ಕಂದು ಚರ್ಮದವರಲ್ಲಿ ಮೆಲನೋಮ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಂಥ ಬಿಸಿಲು ತಾಗದ ಕಡೆಗಳಲ್ಲಿ ಹುಟ್ಟುತ್ತದೆ, ಅದಕ್ಕೆ ಸನ್‌ಸ್ಕ್ರೀನಿನಿಂದ ಪ್ರಯೋಜನವಿಲ್ಲ. ಬಂಗನ್ನು ಗಾಢವಾಗಿಸುವುದರಲ್ಲಿ ಅತಿನೇರಳೆ ಕಿರಣಗಳ ಜೊತೆಗೆ ಕಣ್ಣಿಗೆ ಕಾಣುವ ಬೆಳಕಿನದೂ ಪಾಲಿದೆ. ಅದನ್ನು ತಡೆಯಲು ಕಬ್ಬಿಣದ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನೇ ಬೇಕು. ಹಚ್ಚಿದರೆ ಕಾಣದಂತೆ ಮಾಯವಾಗುವಂಥವು ಆ ಕೆಲಸವನ್ನು ಸರಿಯಾಗಿ ಮಾಡಲಾರವು.

ಸನ್‌ಸ್ಕ್ರೀನಿನ ಗುಣವನ್ನು ಪ್ರಯೋಗದಿಂದ ತೋರಿಸಿಕೊಟ್ಟ ಅದೇ ಆಸ್ಟ್ರೇಲಿಯಾ 1981ರಲ್ಲಿ ತನ್ನ ಜನರಿಗೆ ಕಲಿಸಿದ ಘೋಷಣೆ 'ಸ್ಲಿಪ್, ಸ್ಲಾಪ್, ಸ್ಲ್ಯಾಪ್': ಅಂಗಿ ತೊಡಿ, ಸನ್‌ಸ್ಕ್ರೀನ್ ಬಳಿಯಿರಿ, ಟೊಪ್ಪಿಗೆ ಹಾಕಿ. ಅಲ್ಲಿ ಅಂಗಿಯೇ ಮೊದಲು. ಕರಾವಳಿಯ ಅಡಿಕೆ ಹಾಳೆಯ ಟೊಪ್ಪಿ, ಉತ್ತರ ಕರ್ನಾಟಕದ ರುಮಾಲು ಇವೆರಡಕ್ಕೂ ಅಳತೆಯ ಚಮಚ ಬೇಕಿಲ್ಲ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡಿರುತ್ತಾರೆ. ಬೆವರಿಗೆ ಆ ಅಂಗಿ ಒದ್ದೆಯಾಗುತ್ತದೆ, ಆದರೆ ಸನ್‌ಸ್ಕ್ರೀನಿನಂತೆ ಒರೆಸಿಹೋಗುವುದಿಲ್ಲ.